ದಾಕ್ಷಾಯಣಿಯ ಹದಿನೈದು ಮೈಲಿ

ನಮ್ಮೂರಿನಲ್ಲಿ ಮೈಲಿಗಲ್ಲುಗಳ ಮೇಲೆ ಅಂಕಿ ಬರೆಯುವುದಿಲ್ಲ. ವರ್ಷಕ್ಕೊಮ್ಮೆ ಪುರಸಭೆಯವರು ಬಂದು ಸುಣ್ಣ ಹೊಡೆದು ಹೋಗುತ್ತಾರೆ, ಅಷ್ಟೆ. ಬರೆಯುವುದಾದರೆ ಯಾರ ಅಂಕಿ ಬರೆಯುವುದು? ಬಸ್ ನಿಲ್ದಾಣದಿಂದ ಸಂತೆ ಮೈದಾನ ನನಗೆ ಅರ್ಧ ಮೈಲಿ. ನಮ್ಮ ಎದುರು ಅಂಗಡಿಯ ಟೈಲರ್ ಹಯಾತ್ ಸಾಹೇಬರಿಗೆ ಎರಡು ಮೈಲಿ. ಅವರ ಹೆಂಡತಿಗೆ ಕೂಗಿದರೆ ಕೇಳಿಸುವಷ್ಟು ಹತ್ತಿರ. ದಾರಿ ಒಂದೇ, ಟಾರು ಒಂದೇ, ಉದ್ದ ಮಾತ್ರ ಅವರವರದು, ನಡುವೆ ಏನೇನು ಸಿಗುತ್ತದೆ ಎಂಬುದೂ ಅವರವರದು. ಹುಟ್ಟಿದಾಗಿನಿಂದ ಇದನ್ನೇ ಕಂಡವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಅಂಚೆ ಕಚೇರಿಯಲ್ಲಿ ಯಾವ ಬೀದಿ ಯಾರಿಗೆ ಹತ್ತಿರ ಎಂದು ನೋಡಿ ಪೋಸ್ಟ್‌ಮ್ಯಾನ್‌ಗಳಿಗೆ ಬೀದಿ ಹಂಚುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ನೋಡುವುದರ ಜೊತೆಗೆ, ಹುಡುಗಿಗೆ ತವರಿನಿಂದ ಗಂಡನ ಮನೆ ಎಷ್ಟು ದೂರ ಬೀಳುತ್ತದೆ ಎಂದು ಒಮ್ಮೆ ನಡೆಸಿ ನೋಡುತ್ತಾರೆ. ಶಾಲೆಗೆ ತಡವಾಗಿ ಬಂದ ಮಗುವನ್ನು ಬೈಯುವ ಮೊದಲು ಮೇಷ್ಟರು, ನಿನಗೆಷ್ಟು ದೂರ ಎಂದು ಕೇಳಲೇಬೇಕು.

ಗಾಡಿಯಾದರೆ ಓಡಿಸುವವರ ಅಳತೆ, ಸೈಕಲ್ಲಾದರೆ ತುಳಿಯುವವರ ಅಳತೆ. ಹಿಂದೆ ಕ್ಯಾರಿಯರ್ ಮೇಲೆ ಕೂತವರಿಗೂ ಅದೇ ದಾರಿ. ಕೂತವರು ನಡುದಾರಿಯಲ್ಲಿ ನೆಲಕ್ಕೆ ಕಾಲು ಊರಿದರೆ ಮಾತ್ರ ಆ ಕ್ಷಣವೇ ತಮ್ಮ ಸ್ವಂತ ದಾರಿಗೆ ಬಿದ್ದರು. ಮಕ್ಕಳನ್ನು ಹಿಂದೆ ಕೂರಿಸುವಾಗ ತಾಯಂದಿರು ಮೊದಲು ಹೇಳಿಕೊಡುವುದು ಇದನ್ನೇ. ಆದ್ದರಿಂದ ಇಬ್ಬರು ಎಲ್ಲಿಗಾದರೂ ಹೊರಟರೆ, ದಾರಿ ಚಿಕ್ಕದಾಗಿರುವವರು ತುಳಿಯುತ್ತಾರೆ, ದೊಡ್ಡದಾಗಿರುವವರು ಹಿಂದೆ ಕೂರುತ್ತಾರೆ. ಇದಕ್ಕೆ ತಿರುಗುಮುರುಗಾಗಿ ಯಾರಾದರೂ ಹೋಗಿದ್ದನ್ನು ನಾನಂತೂ ಕಂಡಿರಲಿಲ್ಲ. ಹೋಗಬಾರದೆಂಬ ಕಟ್ಟಳೆಯೇನಿಲ್ಲ. ಯಾರಿಗೂ ಹಾಗೆ ತೋಚಿರಲಿಲ್ಲ.

ನಮ್ಮದು ಸೈಕಲ್ ಅಂಗಡಿ. ನಮ್ಮದು ಎಂದೆ, ಸರಿಯಾಗಿ ಹೇಳಬೇಕೆಂದರೆ ಅದು ನನ್ನ ಹೆಂಡತಿ ದಾಕ್ಷಾಯಣಿಯದು, ಅವಳಪ್ಪ ಗಂಗಾಧರಯ್ಯನವರಿಂದ ಬಂದದ್ದು. ಬೋರ್ಡಿನ ಮೇಲೆ 'ರುದ್ರಮುನಿ ಸೈಕಲ್ ವರ್ಕ್ಸ್' ಎಂದು ನನ್ನ ಹೆಸರು ಇರುವುದು ಬೋರ್ಡು ಬರೆದ ಪೇಂಟರನ ತಿಳಿವಳಿಕೆ. ಅಳಿಸಿ ಬರೆಸೋಣ ಎಂದು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಲೇ ಇದ್ದೇನೆ. "ಇರ್ಲಿ ಬಿಡಿ, ಬೈಯೋಕೆ ಬರೋರಿಗೆ ಒಂದು ಹೆಸರು ಬೇಕಲ್ಲ" ಎನ್ನುತ್ತಾಳೆ. ಸಂಜೆ ಕಾಲೇಜಿಗೆ ಹೋಗಿ ಬರುವ ಕಾಲದಲ್ಲಿ ಹಿಂದಿನ ಚಕ್ರದ ಬೆಂಡು ತೆಗೆಸಲು ಆ ಅಂಗಡಿಗೆ ಹೋಗಿದ್ದೆ. ಅವಳು ಚಕ್ರವನ್ನು ಒಮ್ಮೆ ತಿರುಗಿಸಿ, ಕಣ್ಣು ಮುಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, "ಏಳನೇದು ಸಡಿಲ" ಎಂದಳು. ಡಿಗ್ರಿಯೇನೋ ಸಿಕ್ಕಿತು. ಆದರೆ ಪಂಕ್ಚರ್ ಹಾಕುವುದು, ಬ್ರೇಕಿನ ರಬ್ಬರ್ ಬದಲಿಸುವುದು, ಗಾಳಿ ಹೊಡೆಯುವುದು, ಇವುಗಳಾಚೆಗೆ ನನ್ನ ಕೈ ಇವತ್ತಿಗೂ ಪಳಗಿಲ್ಲ. ಚಕ್ರ ಕಟ್ಟುವ ಕೆಲಸವೆಲ್ಲ ಅವಳದೇ.

ಮಂಗಳವಾರ ಅಂಗಡಿಗೆ ರಜೆ. ಆರು ದಿನ ಊರಿನವರ ಸೈಕಲ್ ರಿಪೇರಿ ಮಾಡಿದವರು ಏಳನೆಯ ದಿನ ನಾವೇ ಸೈಕಲ್ ತುಳಿದುಕೊಂಡು ಜೋಡಿದೊಣೆಗೆ ಹೋಗುತ್ತೇವೆ. ಊರಿನ ಪಡುವಣಕ್ಕೆ ಒಂದು ಬೋಳು ಗುಡ್ಡವಿದೆ. ಅದರ ಬುಡದಲ್ಲಿ ಬಂಡೆ ಕೊರೆದಂತೆ ಎರಡು ನೀರಿನ ಗುಂಡಿಗಳಿದ್ದು ಬೇಸಿಗೆಯಲ್ಲೂ ಬತ್ತುವುದಿಲ್ಲ. ಪಕ್ಕದಲ್ಲಿ ತಿಪ್ಪಕ್ಕನ ಗುಡಿಸಲು ಹೋಟೆಲ್ಲು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಬಂಡೆಯ ಮೇಲೆ ಕಾಲು ಚಾಚಿ ಕೂತು, ಬಿಸಿಲೇರುವ ಮುಂಚೆ ಹಿಂತಿರುಗುವುದು. ಅಷ್ಟೇ ನಮ್ಮ ವಿಹಾರ. ಹಯಾತ್ ಸಾಹೇಬರು ನಗುತ್ತಾರೆ. "ರುದ್ರಣ್ಣ, ನಾನು ರಜೆ ದಿನ ಸೂಜಿ ಮುಟ್ಟಲ್ಲಪ್ಪ. ನೀವೇನು, ರಜೆ ದಿನಾನೂ ಸೈಕಲ್ಲೇ?"

ಜೋಡಿದೊಣೆ ನನಗೆ ನಾಲ್ಕು ಮೈಲಿ, ದಾಕ್ಷಾಯಣಿಗೆ ಒಂಬತ್ತು. ಮದುವೆಯಾದ ಹೊಸದರಲ್ಲಿ ಎಲ್ಲರಂತೆ ನಾನೇ ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಇಳಿದವಳೇ ಸುತ್ತ ನೋಡಿ, "ಆಗ್ಲೇ ಬಂತಾ?" ಎಂದಳು. ದನಿಯಲ್ಲಿ ಸಂತೋಷವಿರಲಿಲ್ಲ. ಮರುವಾರ ತನ್ನ ಸೈಕಲ್ಲನ್ನು ತಾನೇ ಜೋಡಿಸಿ ತಂದಳು. ಇಬ್ಬರೂ ಅಕ್ಕಪಕ್ಕ ಹೊರಟೆವು. ಇಟ್ಟಿಗೆ ಗೂಡಿನವರೆಗೆ ಜೊತೆಗಿದ್ದೆವು. ಅದನ್ನು ದಾಟಿದ ಮೇಲೆ ತಿರುಗಿ ನೋಡಿದರೆ, ಅವಳು ನನಗಿಂತ ಜೋರಾಗಿ ತುಳಿಯುತ್ತಲೇ ಹಿಂದೆ ಹಿಂದೆ ಉಳಿಯುತ್ತಿದ್ದಳು. ನಿಧಾನ ಮಾಡಿದೆ, ಮಾಡಿ ಮಾಡಿ ಕೊನೆಗೆ ಸೈಕಲ್ ಸಮೇತ ಬಿದ್ದೆ. ಇನ್ನೊಂದು ವಾರ ನಡುವೆ ನಿಂತು ಕಾದೆ. ನಾನು ನಿಂತ ಜಾಗ ಅವಳ ದಾರಿಯಲ್ಲಿ ಎಲ್ಲಿ ಬರುತ್ತದೆಂದು ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಒಂದು ವ್ಯವಸ್ಥೆ ಮಾಡಿಕೊಂಡೆವು. ಅವಳು ಆರು ಗಂಟೆಗೆ ಹೊರಡುತ್ತಾಳೆ. ನಾನು ಪಾತ್ರೆ ತೊಳೆದು, ಗಿಡಕ್ಕೆ ನೀರು ಹಾಕಿ, ಆರೂವರೆ ದಾಟಿದ ಮೇಲೆ ಹೊರಡುತ್ತೇನೆ. ದೊಣೆಯ ಹತ್ತಿರದ ತಿರುವಿನಲ್ಲಿ ಅವಳ ಬೆನ್ನು ಕಾಣಿಸುತ್ತದೆ, ನಾನು ಬೆಲ್ಲು ಹೊಡೆಯುತ್ತೇನೆ, ಅವಳು ತಿರುಗದೆ ಬೆಲ್ಲು ಹೊಡೆಯುತ್ತಾಳೆ, ಇಬ್ಬರೂ ಒಟ್ಟಿಗೆ ಇಳಿಯುತ್ತೇವೆ. ತಿಪ್ಪಕ್ಕ ಬಾಣಲೆಗೆ ಎಣ್ಣೆ ಹಾಕುವುದೇ ಆ ಬೆಲ್ಲು ಕೇಳಿದ ಮೇಲೆ. ಇದು ವರ್ಷಾನುಗಟ್ಟಲೆ ನಡೆಯಿತು. ನನಗೆ ಇದಕ್ಕಿಂತ ಹೆಚ್ಚಿನ ಸುಖ ಬೇಕೆನಿಸಿರಲಿಲ್ಲ.

ಕಳೆದ ಯುಗಾದಿಯ ಆಚೆ ಒಂದು ಮಂಗಳವಾರ ತಿರುವಿನಲ್ಲಿ ಅವಳ ಬೆನ್ನು ಕಾಣಿಸಲಿಲ್ಲ. ಹತ್ತು ನಿಮಿಷ ಕಾದ ಮೇಲೆ ಬಂದಳು. "ಹತ್ತು ನಿಮಿಷ ಲೇಟು, ಪಂಕ್ಚರಾ?" ಎಂದೆ. "ಇಲ್ಲ, ಕಲ್ಲು ಒಂದು ಜಾಸ್ತಿ ಇತ್ತು" ಎಂದಳು. ನಮ್ಮೂರಿನಲ್ಲಿ ಕಲ್ಲು ಎಂದರೆ ಮೈಲಿಗಲ್ಲು. ಯಾರದಾದರೂ ದಾರಿ ಒಮ್ಮೊಮ್ಮೆ ಒಂದಿಷ್ಟು ಹಿಗ್ಗುವುದು, ಕುಗ್ಗುವುದು ಇದ್ದದ್ದೇ, ಹಾಗಾಗಿ ಸುಮ್ಮನಾದೆ. ಮರುವಾರ ಇನ್ನೂ ಅರ್ಧ ಮೈಲಿ ಹೆಚ್ಚಿತ್ತು. ಶ್ರಾವಣದ ಹೊತ್ತಿಗೆ ಹನ್ನೆರಡಾಯಿತು, ದಸರೆಗೆ ಹದಿನೈದು. ಅವಳು ಐದೂವರೆಗೆ, ಆಮೇಲೆ ಐದಕ್ಕೆ ಹೊರಡತೊಡಗಿದಳು. ಲಾಂದ್ರದ ಬೆಳಕಿನಷ್ಟೇ ಇರುವ ಡೈನಮೋ ದೀಪ ಹಚ್ಚಿಕೊಂಡು ಅವಳು ಬೀದಿಯ ಕೊನೆಗೆ ಮರೆಯಾಗುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ನಾಲ್ಕು ಮೈಲಿ ನಾಲ್ಕೇ ಇತ್ತು. ಅದಕ್ಕಾಗಿ ನನಗೆ ನಾಚಿಕೆಯಾಗುತ್ತಿತ್ತು.

ಒಂದು ಸಂಜೆ ಹಯಾತ್ ಸಾಹೇಬರ ಬಳಿ ಬಾಯಿಬಿಟ್ಟೆ. ಅವರು ಹೊಲಿಯುತ್ತಿದ್ದ ಕಾಜಾ ಮುಗಿಸಿ ದಾರ ಕಡಿದರು. ಆಮೇಲೆ, "ನೋಡಿ ರುದ್ರಣ್ಣ, ತಪ್ಪು ತಿಳ್ಕೋಬೇಡಿ. ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತು. ಹೆಂಡ್ತಿ ತವರುಮನೆ ಮೊದಲು ಒಂದು ಮೈಲಿ ಇತ್ತು, ಆಮೇಲೆ ಮೂರಾಯ್ತು, ಆರಾಯ್ತು, ಕೊನೆಗೆ ಹೋಗೋದೇ ಬಿಟ್ಟ. ಮನಸ್ಸು ಹಿಂದಕ್ಕೆ ಎಳೀತಿದ್ರೆ ದಾರಿ ಮುಂದಕ್ಕೆ ಎಳ್ಕೊಂಡು ಹೋಗುತ್ತೆ. ನಮ್ಮಪ್ಪನೂ ಹಿಂಗೇ ಅಂತಿದ್ರು" ಎಂದರು. ನನ್ನ ಮುಖ ನೋಡಿ, "ದಾಕ್ಷಾಯಣಮ್ಮಂಗೆ ಹಂಗೇನಿರಲ್ಲ ಬಿಡಿ" ಎಂದು ಸೇರಿಸಿದರು. ಆ ಕೊನೆಯ ಮಾತನ್ನು ಅವರು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ನಾನು ಸ್ವಭಾವತಃ ಅಂಜುಬುರುಕ. ಬೀಗ ಹಾಕಿ ಎರಡು ಸಲ ಎಳೆದು ನೋಡುವವನು. ಈ ಮಾತು ತಲೆ ಹೊಕ್ಕ ಮೇಲೆ ಹಿಂದಿನದೆಲ್ಲ ಬೇರೆ ಬಣ್ಣದಲ್ಲಿ ಕಾಣತೊಡಗಿತು. ಬಂಡೆಯ ಮೇಲೆ ಕೂತಾಗ ಅವಳು ಈಚೆಗೆ ಮಾತು ಕಡಿಮೆ ಮಾಡಿದ್ದಳಲ್ಲವೆ? ಬಜ್ಜಿ ಒಂದೇ ಸಾಕು ಎಂದಿದ್ದಳಲ್ಲವೆ? ನನ್ನ ಜೊತೆ ಬರುವುದು ಅವಳಿಗೆ ಬೇಸರವಾಗಿರಬೇಕು, ಬೇಡವೆನ್ನಲು ದಾಕ್ಷಿಣ್ಯ, ಆ ದಾಕ್ಷಿಣ್ಯವೇ ಅವಳ ದಾರಿಯನ್ನು ಎಳೆಯುತ್ತಿದೆ ಎಂದು ತೀರ್ಮಾನಿಸಿದೆ. ಹೀಗೇ ಬೆಳೆದರೆ ಒಂದು ದಿನ ಹೋಗಿಬರಲು ಹಗಲು ಸಾಲುವುದಿಲ್ಲ, ಅಲ್ಲಿಗೆ ನಮ್ಮ ಮಂಗಳವಾರ ಮುಗಿಯಿತು. ಅವಳನ್ನು ಕೇಳಿಬಿಡಬಹುದಿತ್ತು. ಕೇಳುವ ಧೈರ್ಯವಿಲ್ಲದವನು ಸ್ಪ್ಯಾನರ್ ಹಿಡಿದೆ.

ಅವಳು ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದ ಭಾನುವಾರ, ಅವಳ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿದೆ. ಅದರಲ್ಲಿ ಚೈನು ಕೂರುವ, ಹದಿನೆಂಟು ಹಲ್ಲಿನ ಫ್ರೀವೀಲ್ ಇತ್ತು. ತೆಗೆದು ಹದಿನಾರು ಹಲ್ಲಿನದು ಹಾಕಿದೆ. ಹಿಂದೆ ಹಲ್ಲು ಕಡಿಮೆಯಾದಷ್ಟೂ ಪೆಡಲಿನ ಒಂದು ಸುತ್ತಿಗೆ ಸೈಕಲ್ ಹೆಚ್ಚು ದೂರ ಓಡುತ್ತದೆ. ದಾರಿಯನ್ನು ಗಿಡ್ಡ ಮಾಡುವುದು ನನ್ನ ಕೈಯಲ್ಲಿಲ್ಲ, ತುಳಿಯುವ ಸುತ್ತನ್ನಾದರೂ ಕಡಿಮೆ ಮಾಡೋಣ ಎಂಬ ಆಸೆ. ಹಾಗೆ ಮಾಡಿದರೆ ಕಾಲಿಗೆ ಭಾರ ಬೀಳುತ್ತದೆ ಎಂಬುದು ಸೈಕಲ್ ಅಂಗಡಿಯ ಮುಂದೆ ಹಾದುಹೋಗುವವರಿಗೂ ಗೊತ್ತು. ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಹೊಸದು ಹೊಳೆಯುತ್ತದೆಂದು ಹಳೆಯ ಗ್ರೀಸಿಗೆ ನೆಲದ ಧೂಳು ಕಲಸಿ ಬಳಿದೆ. ಸಡಿಲವಾದ ಚೈನನ್ನು ಚಕ್ರ ಹಿಂದಕ್ಕೆಳೆದು ಬಿಗಿಮಾಡಿದೆ. ಕದ್ದು ಕೆಲಸ ಮಾಡಿ ಅಭ್ಯಾಸವಿಲ್ಲದ್ದರಿಂದ ನಡುನಡುವೆ ಎದ್ದು ಬೀದಿ ನೋಡಿ ಬರುತ್ತಿದ್ದೆ.

ಆ ಮಂಗಳವಾರ ಅವಳು ಎಂದಿಗಿಂತ ಮುಕ್ಕಾಲು ಗಂಟೆ ತಡವಾಗಿ ಬಂದಳು. ಕೆನ್ನೆಯ ಮೇಲೆ ಬೆವರು ಒಣಗಿ ಬಿಳಿ ಗೆರೆ ಕಟ್ಟಿತ್ತು. ನೀರು ಕುಡಿದು ಬಂಡೆಗೆ ಒರಗಿ ಕಣ್ಣು ಮುಚ್ಚಿದಳು. ಮರುವಾರವೂ ಹಾಗೆಯೇ ಆಯಿತು. ಅದರ ಮರುವಾರ, ಸೋಮವಾರ ಸಂಜೆ ಅಂಗಡಿಯ ಹಲಗೆ ಜೋಡಿಸುತ್ತಾ, "ನಾಳೆ ನೀವೊಬ್ರೇ ಹೋಗ್ಬನ್ನಿ" ಎಂದಳು. "ಯಾಕೆ, ಹುಷಾರಿಲ್ವಾ?" ಎಂದೆ. "ಹುಷಾರಾಗಿದ್ದೀನಿ. ಸುಮ್ನೆ." ಅವಳು ಸುಮ್ಮನೆ ಏನನ್ನೂ ಹೇಳುವವಳಲ್ಲ.

ಬೆಳಿಗ್ಗೆ ನಾನೊಬ್ಬನೇ ಹೋದೆ. ಹೋಗದಿದ್ದರೆ ಅವಳ ಮೇಲೆ ಮುನಿದಂತಾಗುತ್ತದೆ, ಹೋದರೆ ಅವಳಿಲ್ಲದೆಯೂ ನಡೆಯುತ್ತದೆ ಎಂದಂತಾಗುತ್ತದೆ. ಎರಡನ್ನೂ ತೂಗಿ ನೋಡುತ್ತಿರುವಾಗಲೇ ನಾಲ್ಕು ಮೈಲಿ ಮುಗಿದುಹೋಯಿತು. ನಾನು ಬೆಲ್ಲು ಹೊಡೆದಿರಲಿಲ್ಲವಾದ್ದರಿಂದ ತಿಪ್ಪಕ್ಕ ಒಲೆ ಹಚ್ಚಿರಲಿಲ್ಲ. "ಎಲ್ಲಿ, ನಮ್ಮಕ್ಕ ಬರ್ಲಿಲ್ವಾ?" ಎಂದಳು. ನಾನು ಏನೋ ತೊದಲಿದೆ. ಅವಳು ಮತ್ತೆ ಕೇಳದೆ ಒಂದಿಷ್ಟು ಮಂಡಕ್ಕಿಯನ್ನು ಕಾಗದದಲ್ಲಿ ಕಟ್ಟಿ, "ಮನೇಲೇ ತಿನ್ನಿ, ಇಬ್ರೂ" ಎಂದು ಕೈಗಿತ್ತಳು. ಬಂಡೆಯ ಮೇಲೆ ಕೂರದೆ ಹಿಂತಿರುಗಿದೆ.

ಅಂಗಡಿಯ ಒಂದು ಹಲಗೆ ಮಾತ್ರ ತೆಗೆದಿತ್ತು. ಒಳಗೆ ಅವಳು ಯಾರದೋ ಚಕ್ರ ಕಟ್ಟುತ್ತಾ ಕೂತಿದ್ದಳು. ರಜೆಯ ದಿನ ಅವಳು ಚಕ್ರ ಮುಟ್ಟಿದ್ದನ್ನು ನಾನು ನೋಡಿದ್ದೇ ಇಲ್ಲ. ತಲೆ ಎತ್ತದೆ, "ಬೇಗ ಬಂದ್ರಲ್ಲ" ಎಂದಳು.

"ತಿಪ್ಪಕ್ಕ ಮಂಡಕ್ಕಿ ಕೊಟ್ಟಿದ್ದಾಳೆ" ಎಂದು ಪೊಟ್ಟಣವನ್ನು ಬೆಂಚಿನ ಮೇಲಿಟ್ಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಮೊದಲು ಅವಳ ಆರೋಗ್ಯ, ಆಮೇಲೆ ಚಳಿಗಾಲ, ಆಮೇಲೆ ನಿಧಾನವಾಗಿ ವಿಷಯಕ್ಕೆ. ಎಲ್ಲ ಮರೆತು ಕೊನೆಯದೇ ಬಾಯಿಗೆ ಬಂತು. "ದಾಕ್ಷಿ, ನನ್ನ ಜೊತೆ ಬರೋದು ನಿಂಗೆ ಸಾಕಾಗಿದ್ಯಾ?"

ಅವಳು ಒಂದು ಕಡ್ಡಿ ಮೀಟಿದಳು. "ಹದಿನಾರು ಹಲ್ಲಿನ ಫ್ರೀವೀಲ್ ಯಾಕೆ ಹಾಕಿದ್ರಿ?"

ನಾನು ಬೆಂಚಿನ ಮೇಲೆ ಕೂತೆ. "ಗೊತ್ತಿತ್ತಾ?"

"ರೀ, ನಮ್ಮಪ್ಪ ನಂಗೆ ಗಿಲಕಿ ಬದ್ಲು ಫ್ರೀವೀಲ್ ಕೊಟ್ಟು ಬೆಳ್ಸಿದ್ದು. ಗೇಟು ದಾಟೋ ಮುಂಚೆ ಸದ್ದು ಕೇಳಿಸ್ತು. ಅದಕ್ಕೆ ಧೂಳು ಬೇರೆ ಬಳಿದಿದ್ರಿ."

"ಗೊತ್ತಿದ್ದೂ ಎರಡು ವಾರ ಅದನ್ನೇ ತುಳಿದ್ಯಾ?"

"ತುಳಿದೆ. ನಮ್ಮೆಜಮಾನ್ರಿಗೆ ಕಾದು ಕಾದು ಸಾಕಾಗಿದೆ, ಬಾಯಲ್ಲಿ ಹೇಳೋಕಾಗ್ದೆ ಹಲ್ಲು ಕಿತ್ತಿದ್ದಾರೆ ಅಂದ್ಕೊಂಡೆ. ಬೇಗ ತುಳಿಯೋಣ ಅಂತ ನೋಡ್ದೆ, ಆಗ್ಲಿಲ್ಲ. ಇನ್ನು ನಿಮ್ಮನ್ಯಾಕೆ ಕಾಯಿಸ್ಬೇಕು ಅಂತ ಬರಲ್ಲ ಅಂದೆ." ಅವಳ ದನಿ ಸಮನಾಗಿತ್ತು, ಕೀಲಿ ಹಿಡಿದ ಕೈ ಮಾತ್ರ ಒಂದೇ ಕಡ್ಡಿಯನ್ನು ಬಿಗಿ ಮಾಡುತ್ತಲೇ ಇತ್ತು.

ನನಗೆ ಕಾಯುವುದು ಬೇಸರವಲ್ಲ ಎಂದೆ. ಸುತ್ತು ಕಡಿಮೆಯಾಗಲೆಂದು ಮಾಡಿದೆ, ಭಾರದ ಯೋಚನೆ ಬರಲಿಲ್ಲ ಎಂದೆ. ಹಯಾತ್ ಸಾಹೇಬರು ಹೇಳಿದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅದೆಲ್ಲ ನನಗೇ ಪೆದ್ದುತನವೆನಿಸಿತು. "ನಾವು ಜೊತೇಲಿ ಹೋಗೋದು ನಿಂತೋಗುತ್ತೆ ಅಂತ ಹೆದ್ರಿಕೆ ಆಯ್ತು."

"ಯಾವ ಜೊತೆ?" ಎಂದಳು. ಈ ಸಲ ತಲೆ ಎತ್ತಿದಳು. "ಇಪ್ಪತ್ತೆರಡು ವರ್ಷದಲ್ಲಿ ನಾವು ಜೊತೇಲಿ ಎಲ್ಲಿ ಹೋಗಿದ್ದೀವಿ? ಜೊತೇಲಿ ತಲುಪಿದ್ದೀವಿ, ಅಷ್ಟೆ."

ಅವಳೇ ಮುಂದುವರಿದಳು. "ಯುಗಾದಿ ಆದ್ಮೇಲೆ ನನ್ನ ದಾರೀಲಿ ಏನೇನು ಬಂದಿದೆ ಗೊತ್ತಾ? ಇಟ್ಟಿಗೆ ಗೂಡು ಆದ್ಮೇಲೆ ಒಂದು ಮೆಟ್ಟಿಲು ಬಾವಿ ಬಂದಿದೆ, ಅದರ ಮೇಲೆ ಬಾಗಿರೋ ಜಾಲಿ ತುಂಬ ಗೀಜಗನ ಗೂಡು. ಆಮೇಲೆ ಎರಡು ಮೈಲಿ ಹುಚ್ಚೆಳ್ಳು ಹೊಲ, ಹಳದಿ. ಒಬ್ಬ ಕುರಿ ಅಜ್ಜ ಸಿಗ್ತಾನೆ. ಇದನ್ನೆಲ್ಲ ಹೇಳ್ಬೇಕು ಅಂತ ಜೋಡಿಸ್ಕೊಂಡು ಬರ್ತೀನಿ. ಬಂದ ತಕ್ಷಣ ನೀವು, ಎಷ್ಟು ನಿಮಿಷ ಲೇಟು ಅಂತೀರಿ. ಅಲ್ಲಿಗೆ ಅದು ಅಲ್ಲೇ ಹೋಗುತ್ತೆ. ನಂಗೆ ಬೇಸರ ಆಗಿಲ್ಲ ರೀ. ಒಬ್ಳೇ ನೋಡಿ ನೋಡಿ ಸಾಕಾಗಿದೆ."

ಸಂಜೆ ಕಾಲೇಜಿನಲ್ಲಿ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ನಾನು ಕೈ ಎತ್ತಿದವನಲ್ಲ. ಆ ಬೆಳಿಗ್ಗೆ ಅಂಗಡಿಯ ಅರೆಗತ್ತಲಲ್ಲಿ ನನ್ನ ಬಾಯಿಂದ ಹೇಗೆ ಬಂತೋ, "ನಿನ್ನ ಕ್ಯಾರಿಯರ್ ಮೇಲೆ ನಾನು ಕೂತ್ಕೊಂಡ್ರೆ?" ಎಂದೆ.

ಅವಳು ನನ್ನನ್ನು ಕೆಲಸಕ್ಕೆ ಬಂದ ಸೈಕಲ್ಲನ್ನು ನೋಡುವಂತೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಹದಿನೈದು ಮೈಲಿ?"

"ಹೂಂ."

"ನಡುವೆ ಇಳಿಯೋ ಹಾಗಿಲ್ಲ. ಒಂದಕ್ಕೂ."

"ನೀರು ಕುಡಿಯಲ್ಲ."

"ನಿಮ್ಮ ತೂಕ ಎಷ್ಟು?"

"ಅರವತ್ತೆಂಟು ಇರಬಹುದು."

"ಇರಬಹುದು ಅಂದ್ರೆ ಚಕ್ರ ಕಟ್ಟೋಕಾಗಲ್ಲ" ಎಂದು ಎದ್ದು, ಪಕ್ಕದ ಗುಜರಿ ಅಂಗಡಿಯ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿದಳು. ಎಪ್ಪತ್ತನಾಲ್ಕು ಬಂತು. ಮುಳ್ಳನ್ನು ನೋಡಿ, ನನ್ನನ್ನು ನೋಡಿ, "ಮಂಡಕ್ಕಿ ತಿಂದು ಇಷ್ಟು ಬರುತ್ತಾ?" ಎಂದಳು. ಎಷ್ಟೋ ವಾರಗಳ ಮೇಲೆ ಅವಳು ನಕ್ಕದ್ದು ಆಗಲೇ.

ಆ ವಾರವೆಲ್ಲ ಸಂಜೆ ಗಿರಾಕಿಗಳು ಹೋದ ಮೇಲೆ ಅವಳು ತನ್ನ ಸೈಕಲ್ಲಿನ ಕೆಲಸಕ್ಕೆ ಕೂತಳು. ಹಿಂದಿನ ಚಕ್ರಕ್ಕೆ ದಪ್ಪ ಕಡ್ಡಿ ಹಾಕಿ ಹೊಸದಾಗಿ ಕಟ್ಟಿದಳು. ನನ್ನ ಹದಿನಾರನ್ನು ಕಿತ್ತೆಸೆದು ಇಪ್ಪತ್ತೆರಡು ಹಲ್ಲಿನ ಫ್ರೀವೀಲ್ ಹುಡುಕಿ ತಂದಳು, ಏರಿಗೆ ಹಗುರವಾಗಲೆಂದು. ಕ್ಯಾರಿಯರಿಗೆ ಎರಡು ಪಟ್ಟಿ ಬೆಸೆದು, ಕಾಲಿಡಲು ಅಚ್ಚಿನ ಎರಡೂ ಕಡೆ ಕಬ್ಬಿಣದ ಗೂಟ ಕೂರಿಸಿ, ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಕಟ್ಟಿದಳು. ನಾನು ಟ್ಯೂಬಿಗೆ ಗ್ಲಿಸರಿನ್ ಹಚ್ಚಿದೆ, ಗಾಳಿ ಹೊಡೆದೆ, ಅವಳು ಕೇಳಿದ ಕೀಲಿ ಎತ್ತಿಕೊಟ್ಟೆ. ಅಂಗಡಿಯಲ್ಲಿ ನಾನು ಇಷ್ಟು ಸುಖವಾಗಿ ಕೆಲಸ ಮಾಡಿದ್ದು ನೆನಪಿಲ್ಲ. ಆದರೆ ಮಲಗುವಾಗ ದಿನವೂ ಒಂದು ಚಿಂತೆ ಇರುತ್ತಿತ್ತು. ನಾನು ಕೂತ ಮೇಲೆ ಅವಳ ದಾರಿ ಅವಳಿಗೆ ಮೊದಲಿನಷ್ಟು ಚೆನ್ನಾಗಿ ಕಾಣದೇ ಹೋದರೆ?

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ವಾಪಸು ಬರುವಾಗ ನಾನು ತುಳಿಯುವುದು, ನನ್ನ ದಾರಿಯಲ್ಲಿ, ಎಂದು ಮಾತಾಗಿತ್ತು. "ಹೂಂ, ಅರ್ಧ ಗಂಟೇಲಿ ತಂದು ಬಿಸಾಕ್ತೀರಿ" ಎಂದಿದ್ದಳು. ಹಯಾತ್ ಸಾಹೇಬರು ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದರು. ದಾಕ್ಷಾಯಣಿ ಹ್ಯಾಂಡಲ್ ಹಿಡಿದಿರುವುದು, ನಾನು ಹಿಂದೆ ಗೋಣಿಚೀಲದ ಮೇಲೆ ಕೂತಿರುವುದು ಕಂಡು ಬಾಯಿಂದ ಬೇವಿನಕಡ್ಡಿ ತೆಗೆದರು. "ದಾಕ್ಷಾಯಣಮ್ಮ, ಅದು ಉದ್ದದ ದಾರಿ ಅಲ್ವಾ?"

"ಹೌದಣ್ಣ."

"ಮತ್ತೆ ನೀವು ತುಳಿಯೋದು?"

"ಇವ್ರು ನೋಡ್ಬೇಕಂತೆ."

ಸಾಹೇಬರು ಸ್ವಲ್ಪ ಯೋಚಿಸಿ, "ಹೋಗ್ಬನ್ನಿ. ಮದುಮಗಳು ಹಿಂದೆ ಕೂತವಳೆ, ಪಂಚೆ ಚಕ್ರಕ್ಕೆ ಸಿಕ್ಕೀತು, ಜೋಪಾನ" ಎಂದರು. ಬೀದಿಯ ಕೊನೆಯವರೆಗೂ ಅವರ ನಗು ಕೇಳಿಸಿತು. ನನ್ನ ಕಿವಿ ಬಿಸಿಯಾಗಿತ್ತು.

ಇಟ್ಟಿಗೆ ಗೂಡಿನವರೆಗೆ ನನಗೆ ಗೊತ್ತಿದ್ದ ದಾರಿ. ಅದನ್ನು ದಾಟಿದ ಮೇಲೆ, ನನ್ನ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುತ್ತಿದ್ದ ಹುಣಸೆ ಸಾಲು ಸಿಗಲಿಲ್ಲ. ಬಾವಿ ಬಂತು. ಬಾಗಿದ ಜಾಲಿ ಬಂತು, ಅದರಲ್ಲಿ ನೇತಾಡುವ ಗೂಡುಗಳು ಅವಳು ಹೇಳಿದ್ದಕ್ಕಿಂತ ಹೆಚ್ಚೇ ಇದ್ದವು. ಹುಚ್ಚೆಳ್ಳು ಹೊಲ ಶುರುವಾಯಿತು, ಮುಗಿಯಲೇ ಇಲ್ಲ. ಅವಳು ತುಳಿಯುತ್ತಾ ತುಳಿಯುತ್ತಾ ಗದ್ದದಿಂದಲೇ ತೋರಿಸುತ್ತಿದ್ದಳು. "ಅಲ್ಲಿ ನೋಡಿ, ಆ ಕಲ್ಲು ತೊಟ್ಟಿ, ಅಲ್ಲಿ ನಾನು ಮುಖ ತೊಳ್ಕೊಳ್ಳೋದು." ಇಷ್ಟು ವರ್ಷ ಪ್ರತಿ ಮಂಗಳವಾರ ಅವಳು ಎಲ್ಲಿ ಮುಖ ತೊಳೆದುಕೊಳ್ಳುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಏಳನೆಯ ಕಲ್ಲಿನ ಹತ್ತಿರ ಮರಳಿನಲ್ಲಿ ಸೈಕಲ್ ವಾಲಿದಾಗ ನನ್ನ ಬಲಗಾಲು ತಾನಾಗಿ ನೆಲದ ಕಡೆ ಹೋಯಿತು. ಅವಳು ತಿರುಗದೆಯೇ, "ಕಾಲು" ಎಂದಳು. ಮೇಲೆತ್ತಿಕೊಂಡೆ. ಒಂದು ಗೇಣು ಕೆಳಗೆ ಹೋಗಿದ್ದರೆ ನಾನೊಬ್ಬನೇ ನನ್ನ ಹುಣಸೆ ಸಾಲಿನಲ್ಲಿ ನಿಂತಿರುತ್ತಿದ್ದೆ.

ಹೊಲ ಮುಗಿದಲ್ಲಿ ಕುರಿ ಅಜ್ಜ ಸಿಕ್ಕ. ಅವಳು ಕಾಲೂರಿ ನಿಂತಳು, ನಾನು ಗೂಟದ ಮೇಲೆ ಕಾಲಿಟ್ಟುಕೊಂಡು ಕೂತೇ ಇದ್ದೆ. ಅಜ್ಜ ನನ್ನ ಸುತ್ತ ಬಂದು ನೋಡಿದ. "ಯಜಮಾನ್ರಾ ತಾಯೀ?"

"ಹೂಂ ಅಜ್ಜಾ."

"ಪಾಪ. ಕಾಲು ಯಾವಾಗಿಂದ ಹಿಂಗಾಗಿದ್ದು?"

"ಮದುವೆ ಆದಾಗಿಂದ" ಎಂದಳು. ಅಜ್ಜ ಕನಿಕರದಿಂದ ತನ್ನ ಬುತ್ತಿಯ ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟ. ನಿಜ ಹೇಳಬೇಕೆಂದು ಬಾಯಿ ತೆರೆದೆ. ಅವಳ ಬೆನ್ನು ನಗುವಿನಿಂದ ಕುಲುಕುತ್ತಿದ್ದುದು ಕಂಡು ರೊಟ್ಟಿಯನ್ನು ಬಾಯಿಗಿಟ್ಟೆ.

ಹನ್ನೆರಡನೆಯ ಕಲ್ಲಿನ ಮೇಲೆ ಅವಳ ಉಸಿರು ದೊಡ್ಡದಾಗತೊಡಗಿತು. ರವಿಕೆ ಬೆನ್ನಿಗೆ ಅಂಟಿತ್ತು. ಸಾಕೇ ಎಂದು ಕೇಳಲು ಹೋಗಿ ನಾಲಗೆ ಕಚ್ಚಿಕೊಂಡೆ. ಹದಿಮೂರನೆಯ ಕಲ್ಲು ದಾಟಿ ಒಂದು ತಿರುವು ತಿರುಗಿದೆವು. ಎದುರಿಗೆ ಒಂದು ಏರು, ನೆಟ್ಟಗೆ, ಎರಡೂ ಕಡೆ ಕರಿಬಂಡೆ. ಅವಳು ಸೀಟಿನಿಂದೆದ್ದು ನಿಂತು ತುಳಿದಳು. ಚೈನು ನರಳಿತು. ಹತ್ತು ಮಾರು ಹೋಗುವಷ್ಟರಲ್ಲಿ ಸೈಕಲ್ ನಿಂತಿತು. ಅವಳು ಎರಡೂ ಕಾಲು ಊರಿ, ಬ್ರೇಕು ಹಿಡಿದು, ಏದುಸಿರು ಬಿಡುತ್ತಾ ಮೇಲೆ ನೋಡಿದಳು.

"ಇದು ಹೋದ ಸಲ ಇರ್ಲಿಲ್ಲ ರೀ" ಎಂದಳು.

ನಾನಿರುವಾಗಲೇ, ನನ್ನನ್ನು ಹೊತ್ತುಕೊಂಡಿರುವಾಗಲೇ ದಾರಿ ಇನ್ನೂ ಉದ್ದವಾಗಿತ್ತು. ಅವಳು ಕತ್ತು ತಿರುಗಿಸಿ ನನ್ನ ಮುಖವನ್ನೇ ನೋಡಿದಳು. "ಹಯಾತಣ್ಣನ ಮಾತು ನೆನಪಾಯ್ತಾ?"

"ಹೂಂ" ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ರು ಟೈಲರ್ರು. ಯಾವುದು ಉದ್ದ ಆದ್ರೂ ಕತ್ತರಿಸ್ಬೇಕು ಅನ್ಸುತ್ತೆ ಅವ್ರಿಗೆ." ಅಷ್ಟು ಹೇಳಿ ಸೀಟಿನಿಂದ ಇಳಿದಳು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈ ನನ್ನ ಬೆನ್ನ ಹಿಂದೆ ಕ್ಯಾರಿಯರಿನ ಪಟ್ಟಿಯ ಮೇಲೆ. "ಅಲ್ಲಾಡ್ಬೇಡಿ" ಎಂದು ನನ್ನನ್ನು ಕೂರಿಸಿಕೊಂಡೇ ಸೈಕಲ್ ತಳ್ಳತೊಡಗಿದಳು.

ಮೊದಲು ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಹೆಂಗಸೊಬ್ಬಳು ಏರಿನಲ್ಲಿ ಗಂಡನನ್ನು ಅಕ್ಕಿಮೂಟೆಯಂತೆ ತಳ್ಳಿಕೊಂಡು ಹೋಗುತ್ತಿದ್ದಾಳೆ, ಅವನು ಬೊಂಬೆಯಂತೆ ಕೂತಿದ್ದಾನೆ. ಯಾರಾದರೂ ಕಂಡರೆ ಏನೆಂದುಕೊಂಡಾರು? ಆಮೇಲೆ ಪಕ್ಕಕ್ಕೆ ತಿರುಗಿದೆ. ಅವಳ ಮುಖ ನನ್ನ ಹೆಗಲಿನ ಹತ್ತಿರ ಇತ್ತು. ಹಿಂದೆ ಉಳಿಯುತ್ತಿರಲಿಲ್ಲ, ಮುಂದೆ ಹೋಗುತ್ತಿರಲಿಲ್ಲ. ನಾನು ಹೋದಷ್ಟು ಅವಳು ಬರುತ್ತಿದ್ದಳು, ಅವಳು ಬಂದಷ್ಟು ನಾನು ಹೋಗುತ್ತಿದ್ದೆ. ಅವಳು ಕಷ್ಟಪಟ್ಟು ತಳ್ಳುವಾಗ ಕೆಳದುಟಿ ಕಚ್ಚಿಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ.

"ಭಾರ ಆಗ್ತಿದೀನಾ?"

"ಎಪ್ಪತ್ನಾಲ್ಕು ಕೆ.ಜಿ. ಆಗ್ತಿದೀರಿ." ಎರಡು ಹೆಜ್ಜೆ ಇಟ್ಟು ಉಸಿರೆಳೆದುಕೊಂಡಳು. "ನಂಗೆ ಉಸಿರು ಸಾಲ್ತಿಲ್ಲ. ನೀವಾದ್ರೂ ಏನಾದ್ರೂ ಮಾತಾಡಿ."

ಏನು ಮಾತಾಡುವುದೆಂದು ಸುತ್ತ ನೋಡಿದೆ. ಎಡಗಡೆಯ ಬಂಡೆಯ ನೆತ್ತಿಯ ಮೇಲೆ ಒಂದು ಉಡ ಬಿಸಿಲು ಕಾಯಿಸುತ್ತಾ ಕತ್ತೆತ್ತಿ ಕೂತಿತ್ತು. ನನ್ನ ತೋಳಿನಷ್ಟು ಉದ್ದ, ಬಂಡೆಯದೇ ಬಣ್ಣ. ನಾಲಗೆ ಆಡಿಸಿದ್ದರಿಂದಷ್ಟೇ ಕಣ್ಣಿಗೆ ಬಿತ್ತು. "ದಾಕ್ಷಿ, ಅಲ್ಲಿ, ಆ ಬಂಡೆ ಮೇಲೆ. ಇಂಥದ್ದು ನಿನ್ನ ದಾರೀಲಿ ಮುಂಚೆ ಸಿಕ್ಕಿತ್ತಾ?"

"ಯಾವುದು?" ಎಂದು ಅವಳು ಸೈಕಲ್ಲನ್ನು ಸೊಂಟಕ್ಕೆ ಒತ್ತಿ ಹಿಡಿದು ನಿಂತಳು. ನನ್ನ ಬೆರಳು ಹೋದತ್ತ ಅವಳ ಕಣ್ಣು ಹೋಯಿತು. ಹುಡುಕಿತು, ಸಿಕ್ಕಿತು, ಅಗಲವಾಯಿತು. ದನಿ ತಗ್ಗಿಸಿ, "ನಾನೂ ಈಗ್ಲೇ ನೋಡ್ತಿರೋದು" ಎಂದಳು.

ಅದು ಅಲುಗಾಡಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ, ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಅಂದರೆ, ನಿಂತದ್ದು ಅವಳು. ನಾನು ಕೂತಿದ್ದೆ.